ಜರ್ಮನ್ ಕಲಿಯಲು ಇಂಗ್ಲಿಷಿನ ಬಳಸುದಾರಿ ಏಕೆ?

ಜರ್ಮನ್ ತರಗತಿಗೆ ಸೇರಿದ ಒಂದೆರಡು ತಿಂಗಳಲ್ಲಿ ನಮ್ಮ ವಿದ್ಯಾರ್ಥಿಗಳ ಬಾಯಿಂದ ತಪ್ಪದೆ ಬರುವ ವಾಕ್ಯವೊಂದಿದೆ: ‘ಇಶ್ ಬಿನ್ ಕಲ್ಟ್’. ಇಂಗ್ಲಿಷಿನ ‘ಐ ಆ್ಯಮ್ ಕೋಲ್ಡ್’ ಅನ್ನು ಪದಕ್ಕೆ ಪದ ಇಟ್ಟು ಕಟ್ಟಿದ್ದು ಅದು. ಜರ್ಮನ್ನರ ಕಿವಿಗೆ ಅದು ‘ನಾನು ಕಲ್ಲೆದೆಯವನು’ ಎಂಬಂತೆ ಕೇಳಿಸುತ್ತದೆ. ಚಳಿಯಾಗುತ್ತಿದೆ ಅನ್ನಲು ಅವರು ಹೇಳುವುದು ‘ಮೀರ್ ಇಸ್ಟ್ ಕಲ್ಟ್’. ಮೀರ್ ಅಂದರೆ ‘ನನಗೆ’. ನನಗೆ ಚಳಿ! ಮಾತು ಬಂದಾಗಿನಿಂದ ಕನ್ನಡದಲ್ಲಿ ಸರಿಯಾಗಿಯೇ ಹೇಳಿಕೊಂಡು ಬಂದ ವಾಕ್ಯವನ್ನು ಆ ವಿದ್ಯಾರ್ಥಿ ಇಂಗ್ಲಿಷಿನ ಮೂಲಕ ಹೋಗಿ ಕೆಡಿಸಿಕೊಂಡಿದ್ದಾನೆ.

ಇದು ಒಬ್ಬಿಬ್ಬರ ತಪ್ಪಲ್ಲ, ನಾವು ಜರ್ಮನ್ ಕಲಿಸುವ ಮತ್ತು ಕಲಿಯುವ ಕ್ರಮದ ತಪ್ಪು. ಈಗ ಅದಕ್ಕೆ ತೆರುವ ಬೆಲೆಯೂ ಹೆಚ್ಚಾಗಿದೆ. 2024ರ ಅಕ್ಟೋಬರಿನಲ್ಲಿ ಜರ್ಮನಿ, ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 49,000ಕ್ಕೂ ಹೆಚ್ಚು. ವಿದೇಶಿ ವಿದ್ಯಾರ್ಥಿಗಳಲ್ಲಿ ಅದೇ ಅತಿ ದೊಡ್ಡ ಗುಂಪು. ಎಂಜಿನಿಯರಿಂಗ್ ಕೊನೆಯ ವರ್ಷದವರು, ನರ್ಸಿಂಗ್ ಓದುತ್ತಿರುವವರು, ಪಿಯುಸಿ ಮುಗಿಸಿ ಅಲ್ಲಿನ ವೃತ್ತಿ ತರಬೇತಿಗೆ ಕಣ್ಣಿಟ್ಟವರು ಎಲ್ಲರೂ ಈಗ ಜರ್ಮನ್ ಪುಸ್ತಕ ಹಿಡಿದಿದ್ದಾರೆ. ‘ಮೂರು ತಿಂಗಳಲ್ಲಿ ಬಿ1’ ಎಂಬ ಜಾಹೀರಾತುಗಳು ಅವರ ಹಿಂದೆ ಬಿದ್ದಿವೆ.

ಆ ಜಾಹೀರಾತಿನ ಲೆಕ್ಕವನ್ನು ಮೊದಲು ನೋಡಿಬಿಡೋಣ. ಯುರೋಪಿನ ಭಾಷಾ ಕಲಿಕೆಗೆ ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯ್ಟೆ ಸಂಸ್ಥೆ (ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ) ಸೊನ್ನೆಯಿಂದ ಬಿ1 ಮುಟ್ಟಲು 45 ನಿಮಿಷದ 350ರಿಂದ 650 ಪಾಠಗಳು, ಬಿ2 ಮುಟ್ಟಲು 600ರಿಂದ 800 ಪಾಠಗಳು ಬೇಕು ಎಂದು ಅಂದಾಜು ಕೊಡುತ್ತದೆ. ಮೂರು ತಿಂಗಳೆಂದರೆ 12 ವಾರ. ಕಡಿಮೆ ಅಂದರೂ ವಾರಕ್ಕೆ 29 ಪಾಠ, ಅಂದರೆ ತರಗತಿಯೇ ಸುಮಾರು 22 ಗಂಟೆ, ಮನೆಪಾಠ ಬೇರೆ. ಬೇರೇನೂ ಕೆಲಸವಿಲ್ಲದ, ಭಾಷೆ ಬೇಗ ಹತ್ತುವ ವಿದ್ಯಾರ್ಥಿಗೆ ಇದು ಆಗದ ಮಾತಲ್ಲ. ಹಗಲು ಕಾಲೇಜು ಅಥವಾ ಆಸ್ಪತ್ರೆ ಡ್ಯೂಟಿ ಮುಗಿಸಿ, ರಾತ್ರಿ ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರುವವರಿಗೆ ಆಗದ ಮಾತು. ಶನಿವಾರ ಭಾನುವಾರ ಸೇರಿ ವಾರಕ್ಕೆ 6 ಪಾಠದ ಲೆಕ್ಕದಲ್ಲಿ ಹೋದರೆ ಬಿ2ರ 600 ಪಾಠಕ್ಕೆ 100 ವಾರ, ಹತ್ತಿರ ಹತ್ತಿರ ಎರಡು ವರ್ಷ. ದಿನಕ್ಕೆ 5ರಂತೆ ವಾರಕ್ಕೆ 25 ಪಾಠ ಕೇಳಿದರೆ ಆರರಿಂದ ಎಂಟು ತಿಂಗಳು. ಯಾವ ದಾರಿ ಎಂಬುದನ್ನು ಫೀಸು ಕಟ್ಟುವ ಮೊದಲೇ ತೀರ್ಮಾನಿಸಬೇಕು.

ಯಾರಿಗೆ ಎಷ್ಟು ಬೇಕು ಎಂಬುದರಲ್ಲೂ ಗೊಂದಲವಿದೆ. ವೃತ್ತಿ ತರಬೇತಿಯ ವೀಸಾಕ್ಕೆ ಸಾಮಾನ್ಯವಾಗಿ ಬಿ1. ನರ್ಸಿಂಗ್ ಪದವಿಗೆ ಅಲ್ಲಿ ಪೂರ್ಣ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2. ಜರ್ಮನ್ ಮಾಧ್ಯಮದ ವಿಶ್ವವಿದ್ಯಾಲಯದ ಕೋರ್ಸಿಗೆ ಅದಕ್ಕಿಂತಲೂ ಮೇಲೆ: ಟೆಸ್ಟ್‌ಡಾಫ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ 4ನೇ ಹಂತ, ಇಲ್ಲವೇ ಅದಕ್ಕೆ ಸಮನಾದದ್ದು. 2024ರ ಜೂನ್ 1ರಿಂದ ಬಂದ ‘ಅವಕಾಶ ಕಾರ್ಡ್’ಗೆ (ಅಲ್ಲಿಗೆ ಹೋಗಿ ಕೆಲಸ ಹುಡುಕಲು ಕೊಡುವ ಪರವಾನಗಿ) ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಇದ್ದರೆ ಅರ್ಜಿ ಹಾಕಬಹುದು. ಅರ್ಜಿ ಹಾಕಲು ಸಾಕಾಗುವ ಭಾಷೆಯಿಂದ ಕೆಲಸ ಸಿಗುತ್ತದೆ ಎಂದೇನೂ ಅಲ್ಲ. ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್‌ಗೆ ಹೋಗುವವರು ‘ನಮಗೆ ಜರ್ಮನ್ ಬೇಡ’ ಎನ್ನುತ್ತಾರೆ. ಪ್ರವೇಶಪತ್ರದ ಮಟ್ಟಿಗೆ ಅದು ನಿಜ. ಓದು ಮುಗಿದು ಬ್ಲೂ ಕಾರ್ಡ್ (ಉನ್ನತ ಓದಿನವರಿಗೆ ಕೊಡುವ ಕೆಲಸದ ಪರವಾನಗಿ) ಸಿಕ್ಕ ಮೇಲೆ ಎ1 ಇದ್ದವರಿಗೆ ಕಾಯಂ ವಾಸದ ಪರವಾನಗಿ 27 ತಿಂಗಳಿಗೆ, ಬಿ1 ಇದ್ದವರಿಗೆ 21 ತಿಂಗಳಿಗೆ. ಅದಕ್ಕೂ ಮುಂಚೆ ಬಾಡಿಗೆ ಮನೆ, ಪಾರ್ಟ್‌ಟೈಮ್ ಕೆಲಸ, ನಗರ ಕಚೇರಿಯ ನೋಂದಣಿ ಎಲ್ಲವೂ ಜರ್ಮನ್‌ನಲ್ಲೇ ಎದುರಾಗುತ್ತವೆ.

ಇನ್ನು ಕಲಿಕೆಯ ಕ್ರಮಕ್ಕೆ ಬರೋಣ. ಜರ್ಮನ್ ಪಠ್ಯಪುಸ್ತಕ ಪೂರ್ತಿ ಜರ್ಮನ್‌ನಲ್ಲಿ, ಶಿಕ್ಷಕರ ವಿವರಣೆ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಕುಟುಂಬದವು, ಆದ್ದರಿಂದ ಇಂಗ್ಲಿಷೇ ಹತ್ತಿರದ ದಾರಿ ಎಂಬ ನಂಬಿಕೆ ಇದರ ಹಿಂದಿದೆ. ಪದಗಳ ಮಟ್ಟಿಗೆ ನಂಬಿಕೆ ಸರಿ: ಹೌಸ್ ಅಂದರೆ ಹೌಸೇ, ವಾಟರ್ ಅಲ್ಲಿ ವಸ್ಸರ್, ಡ್ರಿಂಕ್ ಅಲ್ಲಿ ಟ್ರಿಂಕೆನ್. ವಾಕ್ಯ ಕಟ್ಟುವ ಹೊತ್ತಿಗೆ ಇಂಗ್ಲಿಷ್ ಕೈಕೊಡುತ್ತದೆ, ಕನ್ನಡ ಕೈಹಿಡಿಯುತ್ತದೆ.

ಈ ವಾಕ್ಯ ತೆಗೆದುಕೊಳ್ಳಿ: ‘ನಾನು ನಾಳೆ ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತೇನೆ.’ ಇಂಗ್ಲಿಷಿನಲ್ಲಿ ‘ಮೈಸೂರಿಗೆ’ ಮೊದಲು, ‘ಬಸ್ಸಿನಲ್ಲಿ’ ಆಮೇಲೆ, ‘ನಾಳೆ’ ಕೊನೆಗೆ ಬರುತ್ತದೆ. ನಮ್ಮದಕ್ಕೆ ಪೂರ್ತಿ ತಲೆಕೆಳಗು. ಜರ್ಮನ್‌ನಲ್ಲಿ: ‘ಇಶ್ ಫಾರೆ ಮೊರ್ಗೆನ್ ಮಿಟ್ ಡೇಮ್ ಬುಸ್ ನಾಖ್ ಮೈಸೂರು.’ ನಾಳೆ, ಬಸ್ಸಿನಲ್ಲಿ, ಮೈಸೂರಿಗೆ. ನಮ್ಮದೇ ಸಾಲು. ಯಾವಾಗ, ಹೇಗೆ, ಎಲ್ಲಿಗೆ ಎಂಬ ಈ ಅನುಕ್ರಮವನ್ನು ತರಗತಿಯಲ್ಲಿ ಒಂದು ಸೂತ್ರವಾಗಿ ಬಾಯಿಪಾಠ ಮಾಡಿಸುತ್ತಾರೆ. ಕನ್ನಡದವರಿಗೆ ಬಾಯಿಪಾಠ ಬೇಕಿಲ್ಲ, ಇಂಗ್ಲಿಷಿನಲ್ಲಿ ಯೋಚಿಸದಿದ್ದರೆ ಸಾಕು.

ಬದಲಾಗಿರುವುದು ಒಂದೇ: ಕೊನೆಯಲ್ಲಿರಬೇಕಾದ ‘ಹೋಗುತ್ತೇನೆ’ ಎದ್ದು ಬಂದು ಎರಡನೇ ಸ್ಥಾನದಲ್ಲಿ ಕೂತಿದೆ. ಜರ್ಮನ್ ವಾಕ್ಯರಚನೆಯ ಕೀಲಿ ಇರುವುದೇ ಇಲ್ಲಿ. ನಿಘಂಟಿನಲ್ಲಿ ನೋಡಿದರೂ ‘ಮೈಸೂರಿಗೆ ಹೋಗು’, ‘ಜರ್ಮನ್ ಕಲಿ’ ಎಂಬಂತೆ ಕ್ರಿಯಾಪದ ಕೊನೆಗೇ ಇರುತ್ತದೆ. ಅದರ ಸ್ವಂತ ಮನೆ ವಾಕ್ಯದ ಕೊನೆ. ಸಾದಾ ಹೇಳಿಕೆಯಲ್ಲಿ ಅದು ಎರಡನೇ ಜಾಗಕ್ಕೆ ಬರುತ್ತದೆ. ಆದ್ದರಿಂದ ಬರೆಯುವ ಅಭ್ಯಾಸವನ್ನು ಹೀಗೆ ಮಾಡಿ: ಮೊದಲು ಕನ್ನಡದ ಸಾಲಿನಲ್ಲಿ ಜರ್ಮನ್ ತುಣುಕುಗಳನ್ನು ಇಡಿ, ಕ್ರಿಯಾಪದವನ್ನು ಕೊನೆಗೇ ಬಿಡಿ. ಆಮೇಲೆ ಅದನ್ನು ಎತ್ತಿ ಎರಡನೇ ತುಣುಕಾಗಿ ಇಡಿ. ‘ನಾಳೆ’ಯನ್ನು ಮೊದಲಿಗೆ ತಂದರೆ ‘ನಾನು’ ಕ್ರಿಯಾಪದದ ಆಚೆಗೆ ಸರಿಯುತ್ತದೆ: ‘ಮೊರ್ಗೆನ್ ಫಾರೆ ಇಶ್...’ ಇಂಗ್ಲಿಷಿನ ಗುಂಗಿನಲ್ಲಿರುವವರು ಇಲ್ಲಿ ‘ಮೊರ್ಗೆನ್ ಇಶ್ ಫಾರೆ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಇದೊಂದು ಅರ್ಥವಾದರೆ ಮುಂದಿನ ಮೂರು ‘ಕಷ್ಟದ ಅಧ್ಯಾಯ’ಗಳು ತಾವಾಗಿಯೇ ಸಡಿಲವಾಗುತ್ತವೆ. ಭೂತಕಾಲದಲ್ಲಿ ಸಹಾಯಕ ಕ್ರಿಯಾಪದ ಮಾತ್ರ ಎದ್ದು ಬರುತ್ತದೆ, ಮುಖ್ಯ ಕ್ರಿಯಾಪದ ಮನೆಯಲ್ಲೇ ಉಳಿಯುತ್ತದೆ: ‘ಇಶ್ ಬಿನ್ ... ನಾಖ್ ಮೈಸೂರು ಗೆಫಾರೆನ್.’ ‘ಅನ್‌ರೂಫೆನ್’, ಅಂದರೆ ಫೋನ್ ಮಾಡು ಎಂಬಂಥ ಜೋಡು ಕ್ರಿಯಾಪದದಲ್ಲಿ ರೂಫೆನ್ ಎದ್ದು ಬಂದಾಗ ‘ಅನ್’ ಹಳೆಯ ಜಾಗದಲ್ಲಿ ಒಬ್ಬಂಟಿಯಾಗಿ ಕೂತಿರುತ್ತದೆ: ‘ಇಶ್ ರೂಫೆ ಡಿಶ್ ಅನ್.’ ಇನ್ನು ‘ವೈಲ್’ (ಏಕೆಂದರೆ), ‘ಡಸ್’ (ಎಂದು) ಬಂದ ಉಪವಾಕ್ಯದಲ್ಲಿ ಕ್ರಿಯಾಪದ ಏಳುವುದೇ ಇಲ್ಲ: ‘ವೈಲ್ ಇಶ್ ಮೊರ್ಗೆನ್ ಮಿಟ್ ಡೇಮ್ ಬುಸ್ ನಾಖ್ ಮೈಸೂರು ಫಾರೆ.’ ‘ವೈಲ್’ ನಂತರದ್ದೆಲ್ಲ ಅಪ್ಪಟ ಕನ್ನಡದ ಸಾಲು. ಇಂಗ್ಲಿಷರು ತಲೆ ಚಚ್ಚಿಕೊಳ್ಳುವ ಈ ಪಾಠಕ್ಕೆ ನಾವೂ ಅವರ ಜೊತೆ ಕೂತು ತಲೆ ಚಚ್ಚಿಕೊಳ್ಳುವುದು ವಿಚಿತ್ರ.

ಬಿ2 ದಾಟಿದ ಮೇಲೆ ಓದುವ ಪಾಠಗಳಲ್ಲಿ ಬರುವ ಉದ್ದನೆಯ ವಿಶೇಷಣಗಳೂ ಹಾಗೆಯೇ. ‘ಡೀ ಇಮ್ ಲೆಟ್ಸ್‌ಟೆನ್ ಯಾರ್ ಗೆಬೌಟೆ ಬ್ರ್ಯುಕೆ’: ಕಳೆದ ವರ್ಷ ಕಟ್ಟಿದ ಸೇತುವೆ. ನಾಮಪದದ ಮುಂದೆ ಇಡೀ ಘಟನೆಯನ್ನೇ ಪೋಣಿಸುವ ಈ ಬಗೆ ಇಂಗ್ಲಿಷಿಗೆ ಒಗ್ಗುವುದಿಲ್ಲ. ನಮಗೆ ಅದು ‘ನಿನ್ನೆ ಸಂತೆಯಿಂದ ತಂದ ಬದನೆಕಾಯಿ’ಯಷ್ಟೇ ಸಹಜ.

ವಿಭಕ್ತಿಯ ಕಥೆ ಇನ್ನೂ ಸ್ವಾರಸ್ಯ. ‘ನಿನಗೆ ಸಹಾಯ ಮಾಡುತ್ತೇನೆ’, ‘ನಿನ್ನನ್ನು ಕೇಳುತ್ತೇನೆ’. ಒಂದರಲ್ಲಿ ಚತುರ್ಥಿ, ಇನ್ನೊಂದರಲ್ಲಿ ದ್ವಿತೀಯಾ. ಇಂಗ್ಲಿಷಿನಲ್ಲಿ ಎರಡಕ್ಕೂ ಬರೀ ‘ಯೂ’. ಜರ್ಮನ್‌ನಲ್ಲಿ ‘ಇಶ್ ಹೆಲ್ಫೆ ಡೀರ್’, ‘ಇಶ್ ಫ್ರಾಗೆ ಡಿಶ್’; ಡೀರ್ ಅಂದರೆ ನಿನಗೆ, ಡಿಶ್ ಅಂದರೆ ನಿನ್ನನ್ನು. ಉತ್ತರ ಕೊಡುವುದು, ಧನ್ಯವಾದ ಹೇಳುವುದು, ಇಷ್ಟವಾಗುವುದು, ನೋವಾಗುವುದು ಇವೆಲ್ಲಕ್ಕೂ ಅಲ್ಲಿ ಚತುರ್ಥಿಯೇ, ಇಲ್ಲಿಯಂತೆ. ಹಾಗೆಯೇ ಇಂಗ್ಲಿಷಿನ ಒಂದು ‘ವೇರ್’ಗೆ ಜರ್ಮನ್‌ನಲ್ಲಿ ಮೂರು: ವೋ, ವೋಹಿನ್, ವೋಹೇರ್. ಎಲ್ಲಿ, ಎಲ್ಲಿಗೆ, ಎಲ್ಲಿಂದ. ಇಂಗ್ಲಿಷಿನ ಒಂದು ‘ನೋ’ಗೆ ಎರಡು: ವಿಷಯ ಗೊತ್ತಿದ್ದರೆ ವಿಸ್ಸೆನ್, ಮನುಷ್ಯರ ಪರಿಚಯವಿದ್ದರೆ ಕೆನ್ನೆನ್. ನೀನು-ನೀವು ಭೇದ ಕೂಡ ‘ಡು’ ಮತ್ತು ‘ಜೀ’ ರೂಪದಲ್ಲಿ ಹಾಗೇ ಇದೆ.

ಹಾಗಂತ ಕಣ್ಣುಮುಚ್ಚಿ ಕನ್ನಡವನ್ನು ನಂಬಿದರೆ ಅದೂ ಕೆಲವು ಕಡೆ ಗುಂಡಿಗೆ ಬೀಳಿಸುತ್ತದೆ. ‘ನಿನಗೆ ಫೋನ್ ಮಾಡುತ್ತೇನೆ’ ಎನ್ನುತ್ತೇವೆ. ಜರ್ಮನ್‌ನಲ್ಲಿ ಅದು ದ್ವಿತೀಯಾ, ‘ನಿನ್ನನ್ನು’. ಹಿಂಬಾಲಿಸುವುದು ನಮಗೆ ‘ಅವನನ್ನು’, ಅವರಿಗೆ ‘ಅವನಿಗೆ’. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ‘ಶಾಲೆಗೆ’ ಎಂಬಲ್ಲಿ. ‘ಇಗೆ’ ಪ್ರತ್ಯಯ ನೋಡಿ ಚತುರ್ಥಿ ಹಾಕಿದರೆ ತಪ್ಪು. ‘ಇನ್’ ಜೊತೆ ಚಲನೆ ಇದ್ದರೆ ಜರ್ಮನ್‌ನಲ್ಲಿ ದ್ವಿತೀಯಾ (ಇನ್ ಡೀ ಶೂಲೆ, ಶಾಲೆಗೆ), ನಿಂತಲ್ಲೇ ಇದ್ದರೆ ಚತುರ್ಥಿ (ಇನ್ ಡೇರ್ ಶೂಲೆ, ಶಾಲೆಯಲ್ಲಿ). ಭೇದ ಕಂಡುಹಿಡಿಯಲು ಎಲ್ಲಿಗೆ-ಎಲ್ಲಿ ಎಂಬ ಕನ್ನಡದ ಪ್ರಶ್ನೆ ಸಾಕು. ವಿಭಕ್ತಿಯ ಹೆಸರನ್ನು ಮಾತ್ರ ಕನ್ನಡದಿಂದ ಎರವಲು ತರಬೇಡಿ.

ನಕಾರದ ಪ್ರಶ್ನೆಗೆ ಉತ್ತರಿಸುವುದು ಇನ್ನೊಂದು. ‘ನೀನು ಬರಲ್ವಾ?’ ಎಂದರೆ ನಾವು ‘ಹೂಂ, ಬರಲ್ಲ’ ಎನ್ನುತ್ತೇವೆ. ಜರ್ಮನ್ನರು ಇಲ್ಲಿ ‘ನೈನ್’ ಎನ್ನಬೇಕು. ‘ಇಲ್ಲ ಇಲ್ಲ, ಬರ್ತೀನಿ’ ಎನ್ನಲು ಅವರಿಗೆ ‘ಡೊಖ್’ ಎಂಬ ಪ್ರತ್ಯೇಕ ಪದವೇ ಇದೆ. ನೀವು ‘ಯಾ’ ಎಂದರೆ ಎದುರಿನವರಿಗೆ ಬರುತ್ತೀರೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ‘ಮಾತ್ರೆ ತಗೊಂಡಿಲ್ವಾ?’ ಎಂಬ ಪ್ರಶ್ನೆಗೆ ಇಂಥ ಉತ್ತರ ಬಂದರೆ ಏನಾದೀತು ಯೋಚಿಸಿ.

ಲಿಂಗದ ವಿಷಯದಲ್ಲಿ ಕನ್ನಡದಿಂದ ಒಂದು ಕಾಸಿನ ಸಹಾಯವೂ ಇಲ್ಲ. ನಮಗೆ ಲಿಂಗ ಅರ್ಥದಿಂದ ಬರುತ್ತದೆ, ಅವರಿಗೆ ಪದದಿಂದ. ಒಂದೇ ಕೋಣೆಯಲ್ಲಿ ಮೇಜು ಗಂಡು (ಡೇರ್ ಟಿಶ್), ಬಾಗಿಲು ಹೆಣ್ಣು (ಡೀ ಟ್ಯೂರ್), ಕಿಟಕಿ ನಪುಂಸಕ (ಡಸ್ ಫೆನ್‌ಸ್ಟರ್). ಹುಡುಗಿ, ಅಂದರೆ ಮೇಟ್‌ಶೆನ್, ಕೂಡ ನಪುಂಸಕ. ಕಾರಣ ಹುಡುಗಿಯಲ್ಲಿಲ್ಲ, ಕೊನೆಯ ‘ಶೆನ್’ ಎಂಬ ಕಿರಿದುಮಾಡುವ ಪ್ರತ್ಯಯದಲ್ಲಿದೆ. ಇಂಥ ಕೆಲವು ಬಾಲಗಳನ್ನು ನಂಬಬಹುದು: ಉಂಗ್, ಹೈಟ್, ಕೈಟ್, ಶಾಫ್ಟ್ ಪ್ರತ್ಯಯ ಸೇರಿದವು ಸ್ತ್ರೀಲಿಂಗ, ಶೆನ್, ಲೈನ್ ಸೇರಿದವು ನಪುಂಸಕ, ಇಸ್ಮುಸ್ ಬಂದವು ಪುಲ್ಲಿಂಗ. ಉಳಿದದ್ದಕ್ಕೆ ಕಂಠಪಾಠ ಬಿಟ್ಟರೆ ಗತಿಯಿಲ್ಲ. ಆದ್ದರಿಂದ ‘ಟಿಶ್’ ಎಂದು ಬರೆದ ಚೀಟಿಯನ್ನು ಹರಿದುಹಾಕಿ. ‘ಡೇರ್ ಟಿಶ್, ಡೀ ಟಿಶೆ’ ಎಂದು ಲಿಂಗ, ಬಹುವಚನ ಎರಡನ್ನೂ ಸೇರಿಸಿ ಬರೆಯಿರಿ. ಮೂರು ಲಿಂಗಕ್ಕೆ ಮೂರು ಬಣ್ಣದ ಪೆನ್ನು. ಆರು ತಿಂಗಳ ನಂತರ ಲಿಂಗ ಸೇರಿಸಿಕೊಳ್ಳೋಣ ಎಂದು ಬಿಟ್ಟವರು ಬಿ1ರಲ್ಲಿ ಎಲ್ಲ ಪದಗಳನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ.

ಗೊಯ್ಟೆ ಸಂಸ್ಥೆಯ ಪದಪಟ್ಟಿಗಳು ಜಾಲದಲ್ಲಿ ಪುಕ್ಕಟೆ ಸಿಗುತ್ತವೆ: ಎ1ಕ್ಕೆ ಸುಮಾರು 650, ಎ2ಕ್ಕೆ 1,300, ಬಿ1ಕ್ಕೆ 2,400 ಪದ. ವಾರಕ್ಕೆ ಆರು ದಿನ, ದಿನಕ್ಕೆ 10 ಪದದಂತೆ ಹೋದರೆ 40 ವಾರದಲ್ಲಿ ಬಿ1 ಪಟ್ಟಿ ಮುಗಿಯುತ್ತದೆ. ಇಂದು ಕಲಿತದ್ದನ್ನು ನಾಳೆ, ಮೂರು ದಿನದ ಮೇಲೆ, ವಾರದ ಮೇಲೆ, ಹದಿನೈದು ದಿನದ ಮೇಲೆ ಎದುರಿಗೆ ತರಬೇಕು. ಆಂಕಿಯಂಥ ಆ್ಯಪ್ ಈ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ. ಪಟ್ಟಿಯನ್ನು ಮತ್ತೆ ಮತ್ತೆ ಓದುವುದು ಕಲಿತಂತೆ ಅನ್ನಿಸುತ್ತದೆ, ಅಷ್ಟೇ. ಕನ್ನಡ ಪದ ನೋಡಿ ಜರ್ಮನ್ ಪದವನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಪರೀಕ್ಷೆಯ ದಿನ ನೆನಪಿಗೆ ಬರುತ್ತದೆ.

ಉಚ್ಚಾರದಲ್ಲಿ ನಮಗೆ ಒಂದು ವರ, ಒಂದು ಶಾಪ. ಹ್ರಸ್ವ-ದೀರ್ಘ ನಮ್ಮ ಲಿಪಿಯಲ್ಲೇ ಇರುವುದು ವರ: ಶ್ಟಟ್ (ಊರು) ಮತ್ತು ಶ್ಟಾಟ್ (ರಾಜ್ಯ), ಮಿಟೆ (ನಡು) ಮತ್ತು ಮೀಟೆ (ಬಾಡಿಗೆ) ನಮಗೆ ತಕ್ಷಣ ಬೇರೆಯಾಗಿ ಕೇಳಿಸುತ್ತವೆ. ಪದದ ಕೊನೆಗೆ ಸ್ವರ ಅಂಟಿಸುವುದು ಶಾಪ. ಬಸ್ಸು, ಕಾರು, ಲೈಟು ಎಂದು ರೂಢಿಯಾದ ನಾಲಿಗೆ ‘ಗೂಟ್’ ಅನ್ನು ‘ಗೂಟು’ ಮಾಡುತ್ತದೆ. ಜರ್ಮನ್‌ನಲ್ಲಿ ಕೊನೆಯ ಸ್ವರಕ್ಕೆ ವ್ಯಾಕರಣದ ಅರ್ಥವಿದೆ. ಗೂಟ್ ಬೇರೆ, ಗೂಟೆ ಬೇರೆ. ಕೇಳುವವರಿಗೆ ಗೊಂದಲ. ಕನ್ನಡದಲ್ಲಿಲ್ಲದ ಎರಡು ಸ್ವರಗಳಿಗೆ (ü, ö) ಕನ್ನಡಿ ಮುಂದೆ ನಿಲ್ಲಿ: ‘ಈ’ ಎನ್ನುತ್ತಲೇ ನಾಲಿಗೆ ಅಲುಗಿಸದೆ ತುಟಿಯನ್ನು ‘ಊ’ಗೆ ದುಂಡಾಗಿಸಿ, ‘ಏ’ ಎನ್ನುತ್ತಾ ತುಟಿಯನ್ನು ‘ಓ’ಗೆ. ಇವನ್ನು ಬರೀ ಉ, ಒ ಎಂದರೆ ಬಾಗಿಲು ‘ತಳ್ಳು’ವುದು ‘ಮುದ್ರಿಸು’ವುದಾಗುತ್ತದೆ, ‘ಚೆಂದ’ ಎಂಬುದು ‘ಆಗಲೇ’ ಎಂದಾಗುತ್ತದೆ. ಅಂದ ಹಾಗೆ, ಇಲ್ಲಿ ‘ಇಶ್’ ಎಂದು ಬರೆದಿರುವುದು ಅನಿವಾರ್ಯಕ್ಕೆ. ಆ ಧ್ವನಿ ‘ಶ’ಕ್ಕಿಂತ ಮೆತ್ತಗೆ, ‘ಹಿ’ ಎಂದು ಪಿಸುಗುಟ್ಟಿದಂತೆ ಇರುತ್ತದೆ.

ಕೇಳಿ ಬರೆಯುವ ಪರೀಕ್ಷೆಯಲ್ಲಿ ಅಂಕ ಸೋರುವ ಜಾಗ ಸಂಖ್ಯೆಗಳು. ‘ಐವತ್ತಮೂರು’ ನಮಗೆ ಐವತ್ತು ಮೊದಲು. ಅವರಿಗೆ ‘ಡ್ರೈ ಉಂಟ್ ಫ್ಯುನ್ಫ್‌ತ್ಸಿಶ್’, ಮೂರು ಮತ್ತು ಐವತ್ತು. ಕೇಳಿದ ಕ್ರಮದಲ್ಲೇ ಬರೆದವರ ಕಾಗದದ ಮೇಲೆ 35 ಇರುತ್ತದೆ. ರೈಲಿನ ಸಮಯ, ಬೆಲೆ, ಫೋನ್ ನಂಬರು ಎಲ್ಲದರಲ್ಲೂ ಇದೇ ಬಲೆ. ದಿನಕ್ಕೆ ಹತ್ತು ನಿಮಿಷ ಎರಡಂಕಿಯ ಸಂಖ್ಯೆಗಳನ್ನು ಕೇಳಿ ಬರೆಯಿರಿ. ಮೊದಲು ಬಿಡಿ ಸ್ಥಾನವನ್ನು ಬಲಕ್ಕೆ ಬರೆದು, ಎಡಕ್ಕೆ ಜಾಗ ಬಿಟ್ಟು, ಆಮೇಲೆ ಹತ್ತನ್ನು ತುಂಬಿ.

ಗೊಯ್ಟೆ ಬಿ1 ಪರೀಕ್ಷೆಯಲ್ಲಿ ನಾಲ್ಕು ಭಾಗ: ಓದು 65 ನಿಮಿಷ, ಕೇಳುವುದು ಸುಮಾರು 40, ಬರಹ 60, ಮಾತು ಸುಮಾರು 15. ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಒಂದರಲ್ಲಿ 90 ಬಂದರೆ ಇನ್ನೊಂದರ 50 ಮುಚ್ಚಿಹೋಗುವುದಿಲ್ಲ. ಆದರೆ ಬಿದ್ದ ಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಕೇಳುವ ಭಾಗದಲ್ಲಿ ಮೊದಲ ಮತ್ತು ನಾಲ್ಕನೇ ತುಣುಕು ಎರಡು ಸಲ, ನಡುವಿನ ಎರಡು ಒಂದೇ ಸಲ ಕೇಳಿಸುತ್ತವೆ. ಬರಹದಲ್ಲಿ ಗೆಳೆಯರಿಗೊಂದು ಮೇಲ್, ಒಂದು ಅಭಿಪ್ರಾಯ (ತಲಾ ಸುಮಾರು 80 ಪದ), ಮತ್ತು 40 ಪದದ ಔಪಚಾರಿಕ ಮೇಲ್. ಮೂರನೆಯದಕ್ಕೆ ಸಮಯ ಉಳಿಸಿಕೊಳ್ಳದವರು, ಅಲ್ಲಿ ‘ಜೀ’ ಬದಲು ‘ಡು’ ಬಳಸಿದವರು ಅಂಕ ಬಿಟ್ಟುಕೊಡುತ್ತಾರೆ. ಮಾತಿನ ಭಾಗದಲ್ಲಿ ಚಿಕ್ಕ ಭಾಷಣವೊಂದಿದೆ. ‘ನಿಮ್ಮ ದೇಶದಲ್ಲಿ ಹೇಗೆ?’ ಎಂಬುದು ಅದರ ಒಂದು ಅಂಶ. ಕೋಚಿಂಗ್‌ನಲ್ಲಿ ಉರುಹೊಡೆಸಿದ ಭಾಷಣ ಸರಾಗವಾಗಿ ಬಂದು, ಜೊತೆಗಾರ ಕೇಳುವ ಮೊದಲ ಪ್ರಶ್ನೆಗೇ ನಿಂತುಹೋಗುತ್ತದೆ. ಪರೀಕ್ಷೆಯ ಸ್ಲಾಟುಗಳು ಬೇಗ ತುಂಬುವುದರಿಂದ ಕೋರ್ಸು ಮುಗಿಯುವ ಮುಂಚೆಯೇ ದಿನಾಂಕದ ಮೇಲೆ ಕಣ್ಣಿಡಿ. ಅಲ್ಲಿ ಪದವಿಗೆ ಹೊರಟವರು 2022ರ ನವೆಂಬರಿನಿಂದ ಕಡ್ಡಾಯವಾದ ಎಪಿಎಸ್ ಪ್ರಮಾಣಪತ್ರದ (ನಮ್ಮ ಓದಿನ ದಾಖಲೆಗಳು ಅಸಲಿ ಎಂದು ದೃಢೀಕರಿಸುವ ಪತ್ರ) ಕೆಲಸವನ್ನೂ ಜೊತೆಜೊತೆಗೇ ಶುರುಮಾಡಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಇಂಗ್ಲಿಷಿನ ಬಳಸುದಾರಿ ಎರಡು ಪಟ್ಟು ಭಾರ. ಜರ್ಮನ್ ಪದಕ್ಕೆ ಇಂಗ್ಲಿಷ್ ಅರ್ಥ, ಅದಕ್ಕೆ ಮತ್ತೆ ಕನ್ನಡ ಅರ್ಥ ಹುಡುಕುತ್ತಾ ಅವರ ಅರ್ಧ ಶಕ್ತಿ ಸೋರಿಹೋಗುತ್ತದೆ. ಇದರ ಬೇರು ಹಳೆಯದು. ಕನ್ನಡಕ್ಕೆ ಮಹಾನಿಘಂಟು ಕೊಟ್ಟ ಫರ್ಡಿನಂಡ್ ಕಿಟ್ಟೆಲ್ ಜರ್ಮನ್ ಮನುಷ್ಯ. ಬಾಸೆಲ್ ಮಿಷನ್ನಿಂದ ಬಂದು ಧಾರವಾಡ, ಮಂಗಳೂರುಗಳಲ್ಲಿ ದುಡಿದವನು. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ನಿಘಂಟು ಕನ್ನಡ-ಇಂಗ್ಲಿಷ್. ಎರಡೂ ಭಾಷೆ ಬಲ್ಲವನೇ ನಡುವೆ ಇಂಗ್ಲಿಷನ್ನು ಇಟ್ಟ. ಆಳುವವರ ಭಾಷೆ ಅದಾಗಿತ್ತು.

ಹೊಸ ಕನ್ನಡ-ಜರ್ಮನ್ ನಿಘಂಟು ಬರುವವರೆಗೆ ವಿದ್ಯಾರ್ಥಿ ಕಾಯಬೇಕಿಲ್ಲ. 200 ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಆ ದಿನ ನೀವು ನಿಜಕ್ಕೂ ಆಡಿದ ಐದು ಕನ್ನಡ ವಾಕ್ಯಗಳು: ‘ನನಗೆ ತಲೆನೋವು’, ‘ಬಸ್ಸು ತಪ್ಪಿಹೋಯ್ತು’, ‘ಅವರ ಪರಿಚಯ ನನಗಿಲ್ಲ’. ಬಲಪುಟದಲ್ಲಿ ಅವುಗಳ ಜರ್ಮನ್, ಕ್ರಿಯಾಪದದ ಕೆಳಗೆ ಗೆರೆ. ಕನ್ನಡದ ಸಾಲಿಗೆ ಹೊಂದಿದ್ದರೆ ಪಕ್ಕದಲ್ಲಿ ಸರಿ ಗುರುತು, ಹೊಂದದಿದ್ದರೆ ಕೆಂಪು ಚುಕ್ಕೆ. ತಿಂಗಳಿಗೊಮ್ಮೆ ಕೆಂಪು ಚುಕ್ಕೆಗಳನ್ನಷ್ಟೇ ಓದಿ, ಅವನ್ನಷ್ಟೇ ಶಿಕ್ಷಕರಿಗೆ ತೋರಿಸಿ ಕೇಳಿ.